ಹದಿನಾಲ್ಕನೇ ಕಂಬ ಇದ್ದ ಜಾಗ

ಮಸ್ಕಿ ಒಳಗೇರಿ, ೨೨೧೩ನೇ ಇಸವಿ, ಮೇ ಎರಡು

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಾಗದದ ಮುಂದೆ ಕೂರಿಸಿದ್ದಾರೆ. ಬಾಯಿಮಾತು ಪಂಚರೆದುರು ನಡೆಯುವುದಿಲ್ಲವಂತೆ, ಬರಹವೇ ಬೇಕಂತೆ. ಇನ್ನೂರು ವರ್ಷ ಹಿಂದಿನವರಾದ ನಿಮಗೆ ನನ್ನ ಕೆಲವು ಮಾತು ತಿಳಿಯದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಾಗೆ ಹಾಕಿಕೊಳ್ಳಲಾಗದ ತಪ್ಪು ಬೇರೆ ಇದೆ, ಮುಂದೆ ಹೇಳುತ್ತೇನೆ.

ನಾವು ನೆಲದಡಿ ಇರುತ್ತೇವೆ. ಬಿಸಿಲೇರಿದ ಮೇಲೆ ಹೊರಗೆ ಒಂದು ತಾಸು ನಿಂತವರು ಉಳಿಯುವುದಿಲ್ಲ. ಪ್ರತಿಯೊಬ್ಬರ ಕೊರಳಲ್ಲೂ ಕೂಗುಮಣಿ ಇದೆ, ನಿಮ್ಮ ಮೊಬೈಲಿನ ಮರಿಮಗಳು ಅನ್ನಿ. ಓಣಿಗೊಂದು ಕೇಳುಗಂಬ. ಮಣಿ ಕೂಗಿದ್ದನ್ನು ಹತ್ತಿರದ ಕಂಬ ಕೇಳುತ್ತದೆ. ಯಾವ ಮಣಿಯನ್ನು ಯಾವ ಕಂಬ ಕೇಳಿತೆಂದು ಜಾಲ ನೋಡಿಕೊಳ್ಳುವ ಮೌನೇಶನ ಪರದೆಯಲ್ಲಿ ಮೂಡುತ್ತದೆ. ಆ ಕಂಬ ಎಲ್ಲಿದೆ ಎಂಬುದಕ್ಕೆ ಅವನ ಹತ್ತಿರ ಪಟ್ಟಿ ಇದೆ. ಕಂಬಗಳ ಧೂಳು ಒರೆಸುವವಳು ನಾನು.

ಹೋದ ತಿಂಗಳು ಒಂದು ಮಧ್ಯಾಹ್ನ ಯಾರೋ ದೊಡ್ಡ ತೊಟ್ಟಿಯ ಬೀಗ ಒಡೆದು ನೀರು ಕದ್ದರು. ಆ ಹೊತ್ತಿನಲ್ಲಿ ಹದಿನಾಲ್ಕನೇ ಕಂಬ ಕೇಳಿದ್ದು ಒಂದೇ ಮಣಿ, ನನ್ನ ಸೊಸೆ ದುರುಗಮ್ಮನದು. ಪಟ್ಟಿಯಲ್ಲಿ ಹದಿನಾಲ್ಕು ಎಂದರೆ ತೊಟ್ಟಿಯ ಬಾಗಿಲು.

‘ನಿಮ್ಮ ಸೊಸಿ ಅಲ್ಲೇ ನಿಂತಿದ್ದನ್ನ ಕಣ್ಣಾರೆ ನೋಡೀನಿ ಯವ್ವಾ,’ ಎಂದ ಮೌನೇಶ.

‘ಏನ್ ನೋಡಿದ್ಯೋ ಭಾಡ್ಯಾ? ಪರದೆ ಮ್ಯಾಲ ಒಂದ್ ಚುಕ್ಕಿ ನೋಡಿದಿ, ಅಷ್ಟ!’ ಎಂದೆ.

ದುರುಗಮ್ಮ ಅಂದು ಕುಂಬಾರರ ತಿರುವಿನಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹದಿನಾಲ್ಕನೇ ಕಂಬವೂ ಅಲ್ಲೇ ಇತ್ತು. ತೊಟ್ಟಿಯ ಬಾಗಿಲಲ್ಲಿ ನೀರು ಜಿನುಗುತ್ತದೆಂದು ಅದನ್ನು ಕಿತ್ತು ತಿರುವಿನಲ್ಲಿ ನೆಟ್ಟವಳು ನಾನೇ. ಕಂಬ ಸರಿಸಿದವರು ಹಳೆಯ ಜಾಗದ ಗೋಡೆಗೆ ಅರಿಸಿನದ ಗೆರೆ ಎಳೆಯಬೇಕು, ಅದನ್ನು ನೋಡಿ ಮೌನೇಶ ಪಟ್ಟಿ ತಿದ್ದಬೇಕು, ಇದು ನಮ್ಮ ರೂಢಿ. ನಾನೂ ಎಳೆದೆ. ಜಿನುಗುವ ಗೋಡೆಗೇ ಎಳೆದೆ. ತೊಳೆದುಹೋಯಿತು. ಹೋಗಿ ಬಾಯಲ್ಲಿ ಹೇಳಬಹುದಿತ್ತು. ಆ ವಾರ ಮೌನೇಶನ ಮೇಲೆ ಸಿಟ್ಟಿತ್ತು, ಹೇಳಲಿಲ್ಲ. ಕಳವಾದ ಮರುದಿನವೇ ಕಾವಲಿನವರು ತಪಾಸಣೆಗೆಂದು ಎಲ್ಲ ಕಂಬ ಕಿತ್ತು, ಪಟ್ಟಿ ನೋಡಿಕೊಂಡು ಮತ್ತೆ ನೆಟ್ಟರು; ಹದಿನಾಲ್ಕು ತಿರುಗಿ ತೊಟ್ಟಿಯ ಬಾಗಿಲಿಗೇ ಹೋಯಿತು. ಈಗ ಉಳಿದ ಸಾಕ್ಷಿ ನನ್ನ ನಾಲಿಗೆ ಮಾತ್ರ.

ಪಂಚರು ನಕ್ಕರು. ‘ಹುಲಿಗೆವ್ವಾ, ಸೊಸಿ ಮ್ಯಾಲ ಇಷ್ಟು ಅಕ್ಕರತಿ ಯಾವಾಗಿಂದ?’

ಅಕ್ಕರೆಯಲ್ಲ. ಹನ್ನೊಂದು ವರ್ಷ ಅವಳೊಡನೆ ಜಗಳವಾಡಿದ್ದೇನೆ. ಪಾಲಿನ ನೀರು ತರಲೇ ಬೇಸರಪಡುವವಳು ಬೀಗ ಒಡೆದು ಹೊರುತ್ತಾಳೆಯೇ? ತಪ್ಪು ಸಾಬೀತಾದರೆ ಅವಳನ್ನು ಒಂದು ಹಗಲು ಮೇಲೆ ನಿಲ್ಲಿಸುತ್ತಾರೆ. ‘ಅತ್ತಿ, ನಾ ಹೋದ ಮ್ಯಾಲ ಯಾರ ಜೋಡಿ ಜಗಳಾಡ್ತಿ?’ ಎಂದಳು ನಿನ್ನೆ, ಮೊರದಿಂದ ತಲೆ ಎತ್ತದೆ.

ಇಂಥ ಜಾಲ ಮೊದಲು ಹೆಣೆದವರು ನೀವು. ನಿಮ್ಮಲ್ಲಿ ಜಾಲ ನೋಡಿಕೊಳ್ಳುವವನಿಗೆ ಮನುಷ್ಯ ಕಾಣುತ್ತಿದ್ದನೋ, ಯಾವ ಕಂಬ ಕೇಳಿತು ಎಂಬುದಷ್ಟೇ ಕಾಣುತ್ತಿತ್ತೋ? ಪಟ್ಟಿ ತಪ್ಪಿದರೆ ಜಾಗವೂ ತಪ್ಪುತ್ತಿತ್ತೋ ಇಲ್ಲವೋ? ನಿಜ ಬರೆಯಿರಿ. ಹಿಂದಿನವರ ಕಲ್ಲುಬರಹವನ್ನು ನಮ್ಮ ಪಂಚರು ಸಾಕ್ಷಿಯೆಂದು ಒಪ್ಪುತ್ತಾರೆ. ಈ ಕಾಗದ ತರುವ ಹಿಂದೋಟದ ಕೊಳವೆಗೆ ಕಾಲದಲ್ಲಿ ಹಿಂದೆ ಹೋಗುವುದಷ್ಟೇ ಗೊತ್ತು, ಉತ್ತರ ಹೊತ್ತು ಬರಲಾರದು. ಆದ್ದರಿಂದ ಕಲ್ಲಿನಲ್ಲಿ ಕೆತ್ತಿ, ಮಸ್ಕಿ ಗುಡ್ಡದ ಮೂಡಣ ಬುಡದಲ್ಲಿ ಹೂಳಿ. ಇನ್ನೂರು ವರ್ಷ ಸಮಯವಿದೆಯೆಂದು ಮೈಗಳ್ಳತನ ಬೇಡ. ಹತ್ತನೇ ತಾರೀಖಿಗೆ ಪಂಚಾಯಿತಿ. ಹಿಂದಿನ ದಿನ, ಒಂಬತ್ತನೇ ತಾರೀಖು ಬಿಸಿಲೇರುವ ಮುಂಚೆ, ಗುದ್ದಲಿ ಹಿಡಿದು ಮೇಲೆ ಬರುತ್ತೇನೆ. ಅಷ್ಟರೊಳಗೆ ಉತ್ತರ ಅಲ್ಲಿರಬೇಕು.