ಗುಬ್ಬಿಯ ಕೊರಳಿನ ಗಂಟು

ಜೂನ್ ೧೧, ಮಂಗಳವಾರ

ನಮ್ಮ ಬೆಕ್ಕು ಗುಬ್ಬಿಯ ಹೊಟ್ಟೆಯ ಹೊಲಿಗೆ ಇವತ್ತೂ ಒದ್ದೆಯಾಗಿತ್ತು. ಮರಿಯಾಗದಂತೆ ಆಪರೇಷನ್ ಮಾಡಿದ ಡಾಕ್ಟರು, ನೆಕ್ಕಿದರೆ ಗಾಯ ಬಿಚ್ಚಿಕೊಳ್ಳುತ್ತದೆ, ಕೊರಳಿನ ಪ್ಲಾಸ್ಟಿಕ್ ಕೋನ್ ತೆಗೆಯಲೇಬೇಡಿ ಎಂದಿದ್ದರು. ನಾನು ಕೆಲಸದಿಂದ ಬಂದಾಗ ಕೋನೇನೋ ಕೊರಳಲ್ಲೇ ಇತ್ತು. ಆದರೆ ಬೆಳಿಗ್ಗೆ ಅದರ ಲಾಡಿಗೆ ನಾನು ಹಾಕಿದ್ದು ಬಿಗಿ ಗಂಟು. ಈಗಿದ್ದದ್ದು ಅಜ್ಜಿ ಜಡೆಗೆ ಹಾಕುವ ಹೂಗಂಟು.

"ಅಜ್ಜಿ, ಗುಬ್ಬಿ ಊಟ ಮಾಡಿದ್ಲಾ?" ಎಂದಷ್ಟೇ ಕೇಳಿದೆ.

"ನಾನ್ಯಾಕೆ ಅದನ್ನ ಬಿಚ್ಲಿ? ನಿನ್ನ ತಲೆಗೂ ಬಕೆಟ್ ಕವುಚಿ ಉಣ್ಣು ಅಂದ್ರೆ ಗೊತ್ತಾಗುತ್ತೆ!"

ಕುಂಬಳಕಾಯಿಯ ಹೆಸರೆತ್ತುವ ಮೊದಲೇ ಹೆಗಲು ಮುಟ್ಟಿಕೊಂಡಳು. ಗುಬ್ಬಿಯೂ ನನ್ನ ಮುಖ ನೋಡದೆ ಅವಳ ಮಂಚದಡಿ ಸೇರಿತು. ಇಬ್ಬರೂ ಒಂದಾಗಿದ್ದಾರೆ. ಹೊಲಿಗೆ ಬಿಟ್ಟುಕೊಂಡರೆ ನೋಯುವುದು ಯಾರಿಗೆ? ನಾಳೆ ಹೊರಟಂತೆ ಮಾಡಿ ಹಿಂಬಾಗಿಲಿನಿಂದ ಮೆಲ್ಲಗೆ ಬಂದು... ಹಿಂಬಾಗಿಲ ಕೀಲಿಕೈ ಇರುವುದೂ ಅಜ್ಜಿಯ ದಿಂಬಿನಡಿಯಲ್ಲೇ.