ಗರಿ ಅಂಟಿಸಿದ ಕೈ

ಭಾನುವಾರ, 9 ನವೆಂಬರ್

ಅಕ್ಕನ ಗಂಡ ಮಹಾಂತೇಶ್ ಭಾವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಳಿಗ್ಗೆ ಇಲವಾಲದ ಮೈದಾನದಲ್ಲಿ ಬಿಲ್ಲುಗಾರಿಕೆ ತಂಡದ ಆಯ್ಕೆ ಇತ್ತು. ಮನೆಯಲ್ಲೇ ಮಾಡಿದ ನನ್ನ ಮೂರನೇ ಬಾಣದ ಪ್ಲಾಸ್ಟಿಕ್ ಗರಿ ಹಾರುವಾಗಲೇ ಕಿತ್ತುಹೋಯಿತು. ಬಾಣ ಕುಡುಕನ ಹಾಗೆ ತೂರಾಡಿ ಹುಲ್ಲಿಗೆ ಬಿತ್ತು. ಐದನೆಯದೂ ಅಷ್ಟೇ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ಗರಿ ಕಿತ್ತ ಜಾಗದಲ್ಲಿ, ಅಂಟು ಹಿಡಿಯದಂತೆ ಅದರ ಕೆಳಗೆ ಬಿಳಿ ಪುಡಿ. ವಿಭೂತಿ! ನಿನ್ನೆ ಸಂಜೆ ನನ್ನ ಜೊತೆ ಗರಿ ಅಂಟಿಸಲು ಕೂತವರು ಭಾವ ಒಬ್ಬರೇ. ಲಿಂಗಪೂಜೆ ಮುಗಿಸಿ ಬಂದು, ಆಪರೇಷನ್ನಿಗೆ ನಿಂತ ಡಾಕ್ಟರ ಗತ್ತಿನಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದರು. ಎಲ್ಲ ನಾಟಕ. ಬ್ಯಾಂಕಿನಲ್ಲಿ ಸೀಲು ಒತ್ತುವ ಕೈಗೆ ಬಾಣದ ಕೆಲಸ ಏನು ಗೊತ್ತು?

ಮನೆಗೆ ಬಂದವಳೇ ಎಲ್ಲರೆದುರೇ ಅಂದುಬಿಟ್ಟೆ: "ನಿಮ್ ಭಕ್ತಿ ನಿಮ್ ಹಣೆ ಮೇಲಿರ್ಲಿ ಭಾವ, ನನ್ ಬಾಣಕ್ಯಾಕೆ ಬಳಿದ್ರಿ?"

"ಕೈ ತೊಳ್ಕೊಂಡೇ ಕೂತಿದ್ದೆ ಕಣಮ್ಮ," ಅಂದರು. ಅಷ್ಟೇ. ತಿರುಗಿ ಬೈಯಲೂ ಬಾರದ ಮನುಷ್ಯ.

ಇಷ್ಟು ಬರೆದಿಟ್ಟು, ಆ ಎರಡು ಬಾಣ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಒಬ್ಬಳೇ ಹೊಸ ಗರಿ ಅಂಟಿಸಲು ಕೂತೆ. ಅಮ್ಮ ಬಂದು, "ದೃಷ್ಟಿ ಆಗಿರ್ಬೇಕು ಬುಡು," ಅಂತ ನಿನ್ನೆಯ ಹಾಗೆಯೇ ನನ್ನ ಹಣೆಗೆ ವಿಭೂತಿ ಹಚ್ಚಿ ಹೋದಳು. ಕಣ್ಣಿಗೆ ಬಿದ್ದ ಕೂದಲನ್ನು ಹಣೆ ಸವರಿ ಹಿಂದಕ್ಕೆ ತಳ್ಳಿದೆ. ಅದೇ ಬೆರಳಲ್ಲಿ ಬಾಣ ಹಿಡಿದೆ.

ಕಪ್ಪು ಕಡ್ಡಿಯ ಮೇಲೆ ಬಿಳಿ ಬೆರಳಚ್ಚು. ನನ್ನದು.

ಭಾವ ನಡುಮನೆಯಲ್ಲಿ ಇನ್ನೂ ಟಿವಿ ನೋಡುತ್ತಿದ್ದಾರೆ. ಎದ್ದು ಹೋಗಿ ಹೇಳಬೇಕು. "ಪರವಾಗಿಲ್ಲ ಬುಡಮ್ಮ," ಅನ್ನುತ್ತಾರೆ, ಗೊತ್ತು. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭ.