ಸ್ಕೇಲಿಟ್ಟು ತೆಗೆದ ಫೋಟೊ

ಮಂಗಳವಾರ, ಮಧ್ಯಾಹ್ನ

ಬಿರುಕು ಸಾಹೇಬರಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಪುಟ್ಟಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಎಂದಿನಂತೆ ಒಂದು ಕಾಲಿನ ಸಾಕ್ಸ್ ಹುಡುಕುವ ನೆಪದಲ್ಲಿ ಮನೆಯನ್ನೆಲ್ಲ ತಲೆಕೆಳಗು ಮಾಡಿ ಶಾಲೆಗೆ ಹೋದಳು. ಇದು ವಕೀಲರು ಬರೆಸಿದ ಕಾಗದವೂ ಅಲ್ಲ. ಬೇರೆ ಬೇರೆ ಮನೆ ಮಾಡಿಕೊಂಡು ಎರಡು ವರ್ಷವಾದ ಮೇಲೆ ಇವಳಿಗೆ ಈಗೇಕೆ ಬರೆಯುವ ಹುಕಿ ಬಂತು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಿ ನಾವು ಆಡುವುದು ಎರಡೇ ಮಾತು, ಪುಟ್ಟಿಯನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ, ಯಾವಾಗ ಬಿಡುತ್ತೀರಿ. ಮೂರನೆಯ ಮಾತಿಗೆ ಮೊದಲೇ ನಾನು ಫೋನು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಸಂಜೆ ಪಾರ್ಲರಿಗೆ ಹೋಗುವಾಗ ನಿಮ್ಮ ಆಫೀಸಿನ ಪೆಟ್ಟಿಗೆಗೆ ನಾನೇ ಹಾಕಿ ಹೋಗುತ್ತೇನೆ.

ನನಗೆ ಒಂದು ಫೋಟೊ ಬೇಕು. ನೀವು ನನ್ನ ಬೆನ್ನಿನ ಮೇಲೆ ಸ್ಕೇಲಿಟ್ಟು ತೆಗೆದಿದ್ದಿರಲ್ಲ, ಅದು. ನೆನಪಿಲ್ಲ ಎನ್ನಬೇಡಿ. ಆ ಭಾನುವಾರ ಮಧ್ಯಾಹ್ನದಿಂದ ರಾತ್ರಿಯ ಊಟದವರೆಗೆ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಊರಿನ ಹಳೆಯ ಕಟ್ಟಡಗಳಿಗೆಲ್ಲ ಹೋಗಿ, ಬಿರುಕಿನ ಪಕ್ಕ ನಿಮ್ಮ ಆ ಪುಟ್ಟ ಬಿಳಿ ಸ್ಕೇಲನ್ನಿಟ್ಟು ಫೋಟೊ ಹೊಡೆದು, ತಿಂಗಳು ಬಿಟ್ಟು ಮತ್ತೆ ಅಲ್ಲೇ ನಿಂತು ಹೊಡೆದು, ಬಿರುಕು ಬೆಳೆದಿದೆಯೋ ಇಲ್ಲವೋ ಎಂದು ತೀರ್ಮಾನ ಹೇಳುವುದು ನಿಮ್ಮ ಕೆಲಸ. ಅಲ್ಲಿಗೇ ನಿಲ್ಲಿಸಬಹುದಿತ್ತು. ಎಡ ಭುಜದ ಕೆಳಗಿನ ಮಚ್ಚೆಗೂ ಅದೇ ಸ್ಕೇಲ್ ಹಿಡಿದಿರಿ. ನಾನೇನು ಹಳೇ ಗೋಡೆನಾ ಅಂತ ಕೂಗಾಡಿದೆ. ಒಂದು ಕಣ್ಣಿಟ್ಟಿರಬೇಕು ಕಣೇ, ಅಷ್ಟೇ, ಅಂದಿರಿ. ಆಮೇಲೆ ಇಬ್ಬರೂ ಕಣ್ಣಿಡಲಿಲ್ಲ.

ಆ ಫೋಟೊ ನಿಮ್ಮ ಬಳಿ ಇದ್ದರೆ ಪೆನ್ ಡ್ರೈವಿಗೆ ಹಾಕಿ ಕೊಡಿ. ಮೆಸೇಜಿನಲ್ಲಿ ಬೇಡ, ಅದು ಫೋಟೊವನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದಂತೆ, ಮೂಲವೇ ಆದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ನೋಡಿ, ಡಾಕ್ಟರು ಎಂಬ ಮಾತನ್ನು ಕೊನೆಗೆ ಮೆಲ್ಲಗೆ ಹೇಳೋಣ ಎಂದುಕೊಂಡಿದ್ದೆ, ಬಾಯಿಗೆ ಬಂದೇ ಬಿಟ್ಟಿತು.

ಹೋದ ವಾರ ಪಾರ್ಲರಿನಲ್ಲಿ ಸೆಕೆ ತಡೆಯಲಾರದೆ ಕತ್ತು ಅಗಲವಿರುವ ಅಂಗಿ ಹಾಕಿದ್ದೆ. ಗಿರಾಕಿಯೊಬ್ಬರ ತಲೆ ತೊಳೆಯಲು ಬಗ್ಗಿದಾಗ ಅಂಗಿ ಭುಜದಿಂದ ಜಾರಿತು. ನನ್ನ ಜೊತೆ ಕೆಲಸ ಮಾಡುವ ದಪ್ಪ ಕನ್ನಡಕದವಳು, ನಿಮಗೆ ಗೊತ್ತು, ಎಲ್ಲರ ತಲೆಯಲ್ಲೂ ಬಿಳಿ ಕೂದಲು ಹುಡುಕಿ ಹೇಳುವವಳು, ಹಿಂದೆ ನಿಂತಿದ್ದಳು. ಅಕ್ಕಾ, ಇದು ಮೊದಲಿಂದಲೂ ಇಷ್ಟೇ ದೊಡ್ಡದಿತ್ತಾ ಅಂದಳು. ನನ್ನ ಬೆನ್ನು ನನಗೆ ಗೊತ್ತಿಲ್ಲ. ಗೊತ್ತಿದ್ದವರು ನೀವೊಬ್ಬರೇ, ನೀವು ಬೇರೆ ಮನೆಯಲ್ಲಿದ್ದೀರಿ.

ಗಿರಾಕಿ ಹೋದ ಮೇಲೆ ಬಾಗಿಲು ಹಾಕಿಕೊಂಡು ದೊಡ್ಡ ಕನ್ನಡಿಗೆ ಬೆನ್ನು ಕೊಟ್ಟು, ಕೈಗನ್ನಡಿ ಎದುರಿಗೆ ಹಿಡಿದೆ. ಹಿಂದೆ ಹೇಗೆ ಬಂದಿದೆ ನೋಡಿ ಎಂದು ದಿನವೂ ಹತ್ತು ಜನಕ್ಕೆ ಹಿಡಿಯುವ ಅದೇ ಕೈಗನ್ನಡಿ. ಕಪ್ಪು ಕಂಡಿತು, ಒಂದು ಅಂಚಿನಲ್ಲಿ ಕಂದು ಚೆಲ್ಲಿದ ಹಾಗೆ ಕಂಡಿತು, ಅಷ್ಟರಲ್ಲಿ ಕನ್ನಡಿ ವಾಲಿ ಗೋಡೆಯ ಗಡಿಯಾರ ಕಂಡಿತು. ಇನ್ನೊಮ್ಮೆ ನೋಡುವ ಧೈರ್ಯವಾಗಲಿಲ್ಲ.

ಚರ್ಮದ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು, ಮಾತು ಕಡಿಮೆ. ದೀಪವಿರುವ ಭೂತಗನ್ನಡಿಯನ್ನು ಬೆನ್ನಿಗೆ ಒತ್ತಿ ಬಹಳ ಹೊತ್ತು ನೋಡಿದರು. ಅವರು ಉಸಿರಾಡುವುದು ನನ್ನ ಕತ್ತಿಗೆ ತಾಗುತ್ತಿತ್ತು. ನಾನು ಮಂಚದ ಹಾಸಿನ ಮೇಲಿನ ಪಟ್ಟೆಗಳನ್ನು ನೋಡುತ್ತ ಕೂತೆ. ಕಡೆಗೆ, ಮಚ್ಚೆ ಇದೆ ಅನ್ನೋದು ದೊಡ್ಡದಲ್ಲ, ಬದಲಾಗಿದೆಯಾ ಅನ್ನೋದು ದೊಡ್ಡದು, ಹಳೇ ಫೋಟೊ ಯಾವುದಾದರೂ ಇದೆಯಾ ಅಂತ ಕೇಳಿದರು. ಬೆಳೆದಿದ್ದರೆ ಶುಕ್ರವಾರವೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹಾಗೇ ಇದ್ದರೆ ಮೂರು ತಿಂಗಳು ಕಾಯೋಣ ಎಂದರು. ಪರೀಕ್ಷೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಆ ರೋಗದ ಹೆಸರೆತ್ತಲಿಲ್ಲ. ನರ್ಸ್ ಕಾಗದದ ಸ್ಕೇಲ್ ಅಂಟಿಸಿ ನನ್ನ ಫೋನಿನಲ್ಲೇ ಹೊಸ ಫೋಟೊ ತೆಗೆದುಕೊಟ್ಟರು. ಅದನ್ನು ನಾನು ಇವತ್ತಿಗೂ ನೋಡಿಲ್ಲ.

ಹಳೆಯದನ್ನು ಹುಡುಕಲು ಶನಿವಾರ ಕೂತೆ. ಫೋನಿನ ಗಾಜು ಒಡೆದು ಬೆರಳಿಟ್ಟ ಕಡೆಗೆಲ್ಲ ಜಾರುತ್ತದೆ, ದೊಡ್ಡ ಪರದೆಯಲ್ಲಾದರೆ ಕಣ್ಣಿಗೆ ಬೀಳುತ್ತದೆ ಎಂದು ಕಂಪ್ಯೂಟರಿಗೆ ವೈರು ಹಾಕಿದೆ. ಆ ಫೋನು ಮಾಡಿದವರ ಕೈಗೆ ಒಂದು ಬಟ್ಟೆ ಬೀರು ಕೊಟ್ಟು ಜೋಡಿಸಿ ಎನ್ನಬೇಕು. ಅಂಗಿಯ ತೋಳು ಒಂದು ಖಾನೆಯಲ್ಲಿ, ಗುಂಡಿ ಇನ್ನೊಂದರಲ್ಲಿ ಇಟ್ಟಾರು. ನಾನು ಫೋನಿನಲ್ಲಿ ಪುಟ್ಟಿ, ಪಾರ್ಲರ್, ಅಮ್ಮನ ಮನೆ ಎಂದು ಎಷ್ಟು ಅಚ್ಚುಕಟ್ಟಾಗಿ ಆಲ್ಬಮ್ ಮಾಡಿಟ್ಟಿದ್ದೆ! ಕಂಪ್ಯೂಟರಿನಲ್ಲಿ ಅವುಗಳ ಸುಳಿವೇ ಇಲ್ಲ. ಡಿಸಿಐಎಂ ಅಂತ ಒಂದು ಫೋಲ್ಡರ್, ಯಾರ ಮನೆಯ ಭಾಷೆಯೋ, ಅದರೊಳಗೆ ಎಲ್ಲವೂ ಒಂದೇ ರಾಶಿ, ಹೆಸರಿನ ಬದಲು ಬರೀ ಅಂಕಿ. ಅರ್ಧ ನಕಲಾಗುವಷ್ಟರಲ್ಲಿ ಫೋನು ಸಿಗುತ್ತಿಲ್ಲ ಎಂದು ನಿಂತಿತು. ಯಾವುದು ಬಂತು, ಯಾವುದು ಬಿಟ್ಟಿತು ಎಂದು ಹೇಳುವ ಸೌಜನ್ಯವೂ ಇಲ್ಲ. ಇನ್ನೆರಡು ಸಲ ಮೊದಲಿನಿಂದ ಹಾಕಿದರೆ ಬಂದವೇ ಮತ್ತೆ ಬಂದವು. ಪುಟ್ಟಿಯ ಹಲ್ಲು ಬಿದ್ದ ಫೋಟೊ ಮೂರಾಯಿತು. ಕೆಲವು ತೆರೆಯಲೇ ಆಗುವುದಿಲ್ಲ ಎಂದವು. ಇಷ್ಟೆಲ್ಲ ಆದ ಮೇಲೆ ನೋಡಿದರೆ ಅಲ್ಲಿರುವ ಪ್ರತಿಯೊಂದು ಫೋಟೊದ ತಾರೀಖೂ ನಾನು ನಕಲು ಮಾಡಿದ ಶನಿವಾರ! ಮಗಳು ಹುಟ್ಟಿದ್ದೂ ಶನಿವಾರ, ಶಾಲೆಗೆ ಸೇರಿದ್ದೂ ಅದೇ ಶನಿವಾರ. ನನಗೆ ಬೇಕಾದದ್ದೇ ತಾರೀಖು, ಆ ಪುಣ್ಯಾತ್ಮ ಯಂತ್ರ ತೊಳೆದು ಹಾಕಿದ್ದೂ ಅದನ್ನೇ.

ಫೋನಿನ ಹುಡುಕುವ ಜಾಗದಲ್ಲಿ ಬೆನ್ನು ಎಂದು ಬರೆದೆ. ಕುರ್ಚಿಗಳನ್ನು ತೋರಿಸಿತು. ಮುಖ ನೋಡಿ ಗುಂಪು ಮಾಡುತ್ತದಂತೆ, ಅಲ್ಲಿ ಪಾರ್ಲರಿನ ಪ್ಲಾಸ್ಟಿಕ್ ತಲೆಯನ್ನು ನಮ್ಮ ಮನೆಯವರಲ್ಲಿ ಸೇರಿಸಿದೆ, ನಿಮ್ಮನ್ನು ನಲ್ಲಿ ರಿಪೇರಿಯವನ ಜೊತೆ ಹಾಕಿದೆ. ನಕ್ಕೆ. ನಗುತ್ತಿದ್ದ ಹಾಗೇ ಅಳು ಬಂತು. ಪುಟ್ಟಿ ಓಡಿ ಬಂದು ಅಮ್ಮಾ ಏನಾಯ್ತು ಅಂದಳು. ಮೆಸೇಜಿನ ಫೋಟೊಗಳ ಫೋಲ್ಡರ್ ಖಾಲಿ ಅಂತ ತೋರಿಸ್ತಿದೆ ಕಣೇ ಅಂದೆ. ಅಷ್ಟಕ್ಕೆ ಅಳ್ತಾರಾ, ಫೋನ್ ಲಾಕ್ ತೆಗೆದು ಅನುಮತಿ ಕೊಡು, ಬರುತ್ತೆ ಅಂತ ಬುದ್ಧಿ ಹೇಳಿ ಹೋದಳು. ಅವಳಿಗೆ ಏನೂ ಹೇಳಿಲ್ಲ. ನೀವೂ ಹೇಳಬೇಡಿ.

ಇನ್ನೊಂದು ವಿಷಯ, ಇದನ್ನು ಓದಿ ಬೈದುಕೊಳ್ಳಿ, ಪರವಾಗಿಲ್ಲ. ಆ ಫೋಟೊ ನಿಮ್ಮ ಹಳೆಯ ಫೋನಿನಲ್ಲಿತ್ತು. ಮನೆ ಬಿಡುವಾಗ ಗೋಡೆಗಳ ಫೋಟೊಗಳನ್ನು ಆಫೀಸಿಗೆ ಹಾಕಿಕೊಂಡು, ಮನೆಯ ಫೋಟೊಗಳನ್ನು ಅದರಲ್ಲೇ ಬಿಟ್ಟು, ಫೋನನ್ನು ಪುಟ್ಟಿಗೆ ಕೊಟ್ಟಿರಿ. ಹೋದ ವರ್ಷ ಅದು ತುಂಬಿಹೋಗಿದೆ ಎಂದು ಅವಳು ಪ್ರಾಣ ತಿಂದಾಗ, ಅದರ ಫೋಟೊಗಳನ್ನು ಕಂಪ್ಯೂಟರಿನಲ್ಲಿ ನನ್ನವನ್ನು ಆಗಲೇ ಹಾಕಿಟ್ಟಿದ್ದ ಫೋಲ್ಡರಿಗೇ ಸುರಿಯಲು ಹೋದೆ. ನಮ್ಮಿಬ್ಬರ ಫೋನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಜೋಡಿ ಅಲ್ಲವೇ? ಎರಡೂ ಒಂದರಿಂದಲೇ ಎಣಿಸಿಕೊಂಡು ಬಂದಿವೆ, ಎರಡರಲ್ಲೂ ಅವೇ ಹೆಸರು. ಇದೇ ಹೆಸರಿನದು ಇಲ್ಲಿದೆ, ಏನು ಮಾಡಲಿ ಎಂದು ಕಂಪ್ಯೂಟರ್ ಕೇಳಿತು. ಒಬ್ಬರ ತಲೆಗೆ ಬಣ್ಣ ಹಚ್ಚಿ ಬಿಟ್ಟು ಬಂದಿದ್ದೆ, ತೊಳೆಯುವ ಹೊತ್ತಾಗಿತ್ತು. ಹೆಸರು ಒಂದೇ ಆದರೆ ಫೋಟೊವೂ ಒಂದೇ ಇರಬೇಕು, ಮನೆಯ ಫೋಟೊ ಎರಡೆರಡು ಯಾಕೆ ಎಂದು, ಇದ್ದದ್ದನ್ನೇ ಉಳಿಸು, ಎಲ್ಲಕ್ಕೂ ಹೀಗೇ ಎಂದು ಒತ್ತಿದೆ. ಆಮೇಲೆ ಆ ಫೋನನ್ನು ಪೂರ್ತಿ ಖಾಲಿ ಮಾಡಿದೆ.

ನಿಮ್ಮ ಫೋಟೊಗಳು ಇರಬೇಕಾದಲ್ಲಿ ಈಗ ನನ್ನ ಗಿರಾಕಿಗಳ ತಲೆಗಳಿವೆ. ಕತ್ತರಿಸುವ ಮೊದಲು ಒಂದು, ಆಮೇಲೆ ಒಂದು, ಎಲ್ಲ ಹಿಂದಿನಿಂದಲೇ ತೆಗೆದವು. ಊರಿನವರ ಬೆನ್ನೆಲ್ಲ ನನ್ನ ಬಳಿ ಇದೆ, ನನ್ನದೊಂದಿಲ್ಲ. ನನ್ನ ಫೋಟೊಗಳೆಲ್ಲ ಮುಂದಿನಿಂದ, ಹಲ್ಲು ಕಾಣುವಂತೆ. ಆವತ್ತು ತೆಗೆದ ಕೂಡಲೇ ನೀವು ನನಗೆ ಮೆಸೇಜಿನಲ್ಲೂ ಕಳಿಸಿದ್ದಿರೇನೋ ಎಂಬ ಮಸುಕು ನೆನಪು. ಮೆಸೇಜಿನ ಫೋಟೊಗಳಿಗೆ ಫೋನಿನೊಳಗೆ ಬೇರೆಯೇ ಒಂದು ಫೋಲ್ಡರಂತೆ, ಐದು ಬಾಗಿಲು ದಾಟಿ ಹೋಗಬೇಕು. ಹೋದೆ. ಅದೂ ಖಾಲಿ ಎನ್ನುತ್ತದೆ.

ಹಾಗಾಗಿ ಉಳಿದಿರುವುದು ನಿಮ್ಮ ಆಫೀಸಿನ ಕಂಪ್ಯೂಟರ್. ನನ್ನ ಬೆನ್ನನ್ನು ಮನೆಯ ಜೊತೆ ಬಿಟ್ಟಿರೋ, ಗೋಡೆಗಳ ಜೊತೆ ತೆಗೆದುಕೊಂಡು ಹೋದಿರೋ, ನೋಡಿ ಹೇಳಿ. ಗೋಡೆಗಳ ಜೊತೆ ಸೇರಿಸಿದ್ದರೆ ಈ ಸಲ ಮುಖ ಊದಿಸಿಕೊಳ್ಳುವುದಿಲ್ಲ.

ನನಗೆ ಭಯವಾಗಿದೆ. ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಭುಜ ಎತ್ತಿದರೆ ಅಲ್ಲಿ ಏನೋ ಹರಿದ ಹಾಗಾಗುತ್ತದೆ. ಅದು ಮಚ್ಚೆಯೋ, ಅಂಗಿಯ ಹೊಲಿಗೆಯೋ, ನನ್ನ ತಲೆಯೊಳಗಿನದೋ ಗೊತ್ತಿಲ್ಲ. ಸ್ನಾನ ಮಾಡುವಾಗ ಕೈ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ಕುರ್ಚಿಗೆ ಒರಗುವುದನ್ನು ಬಿಟ್ಟಿದ್ದೇನೆ, ಒರಗಿದರೆ ಅದಕ್ಕೆ ಸಿಟ್ಟು ಬರುತ್ತದೆ ಎನ್ನುವ ಹಾಗೆ. ಗಿರಾಕಿಗಳು ಮಾತಾಡುತ್ತಲೇ ಇರುತ್ತಾರೆ, ನಾನು ಹೂಂ ಎನ್ನುತ್ತಿರುತ್ತೇನೆ, ಒಳಗೆ ಲೆಕ್ಕ ಬೇರೆಯೇ ನಡೆದಿರುತ್ತದೆ. ಪುಟ್ಟಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ನಿಮಗೂ ಬರುವುದಿಲ್ಲ. ನಿನ್ನೆ ಅವಳನ್ನು ಕನ್ನಡಿ ಮುಂದೆ ಕೂರಿಸಿ ಮೂರೆಳೆ ಹೇಗೆ ಹೆಣೆಯಬೇಕು ಎಂದು ಹೇಳಿಕೊಡಲು ಹೋದೆ. ಅಮ್ಮಾ ನೀನೇ ಹಾಕು, ನನಗ್ಯಾಕೆ ಬೇಕು ಅಂದಳು. ಕೂಗಾಡಿಬಿಟ್ಟೆ. ಬಾಚಣಿಗೆ ಎಸೆದೆ. ಮಗು ಬೆದರಿ ನನ್ನ ಮುಖವನ್ನೇ ನೋಡಿತು. ಆಮೇಲೆ ನಾನೇ ಜಡೆ ಹಾಕಿ, ಬಿಚ್ಚಿ, ಇನ್ನೊಮ್ಮೆ ಹಾಕಿದೆ.

ನೀವು ಯಾವ ಗೋಡೆಯನ್ನೂ ಒಂದೇ ಸಲ ನೋಡಿ ಬೀಳುತ್ತದೆ ಎನ್ನುತ್ತಿರಲಿಲ್ಲ. ಕಟ್ಟಡದ ಮಾಲೀಕರು ಎಷ್ಟು ಗೋಗರೆದರೂ ಎರಡನೆಯ ಫೋಟೊ ಬರಲಿ ಎನ್ನುತ್ತಿದ್ದಿರಿ. ಆಗ ಅದು ನನಗೆ ಕಲ್ಲು ಮನಸ್ಸಾಗಿ ಕಾಣುತ್ತಿತ್ತು. ನಮ್ಮ ಜಗಳದಲ್ಲೂ ನೀವು ಹಾಗೇ, ತೂಗಿ ಅಳೆದು, ವಾರ ಬಿಟ್ಟು ಉತ್ತರ. ಉತ್ತರ ಬರುವಷ್ಟರಲ್ಲಿ ನಾನು ಜಗಳದ ಕಾರಣವನ್ನೇ ಮರೆತು ಬೇರೆ ಜಗಳ ಹುಡುಕಿಕೊಂಡಿರುತ್ತಿದ್ದೆ. ಈ ಕಾಗದಕ್ಕೆ ಮಾತ್ರ ವಾರ ಬಿಡಬೇಡಿ. ಶುಕ್ರವಾರ ಬೆಳಿಗ್ಗೆ ಡಾಕ್ಟರು ಬರಹೇಳಿದ್ದಾರೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಭಾನುವಾರ ನಿಮ್ಮ ಮನೆಯಿಂದ ಬಂದ ಪುಟ್ಟಿ, ಅಪ್ಪ ತೆಳ್ಳಗಾಗಿದ್ದಾರೆ ಅಂದಳು.

ಹೇಗೆ ಸಹಿ ಮಾಡಬೇಕೆಂದು ತಿಳಿಯದ,
ಪುಟ್ಟಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಕಿತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಫೋಟೊ ಸಿಕ್ಕಿದೆ. ಇವತ್ತಲ್ಲ, ಭಾನುವಾರವೇ ಸಿಕ್ಕಿತು. ಪುಟ್ಟಿ ಹೇಳಿದಂತೆ ಲಾಕ್ ತೆಗೆದು ಅನುಮತಿ ಕೊಟ್ಟ ಮೇಲೆ ಆ ಮೆಸೇಜಿನ ಫೋಲ್ಡರ್ ತುಂಬಿಕೊಂಡಿತು, ಹುಡುಕುತ್ತ ಹೋದರೆ ಅಲ್ಲಿತ್ತು. ಅದರ ಹೆಸರಿನಲ್ಲೇ ತಾರೀಖೂ ಇದೆ. ಹಿಂಡಿ ಹಿಪ್ಪೆಯಾದರೂ ಸ್ಕೇಲಿನ ಗೆರೆಗಳನ್ನು ಎಣಿಸಬಹುದು. ನರ್ಸ್ ತೆಗೆದ ಫೋಟೊವನ್ನು ಅದರ ಪಕ್ಕದಲ್ಲೇ ಹಾಕಿಟ್ಟಿದ್ದೇನೆ. ಎರಡನ್ನೂ ಒಟ್ಟಿಗೆ ತೆರೆದರೆ ಗೊತ್ತಾಗಿಹೋಗುತ್ತದೆ. ಮೌಸ್ ಮೇಲೆ ಕೈಯಿಟ್ಟು, ಎದ್ದು, ಇಲ್ಲದ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೇನೆ. ಪೆನ್ ಡ್ರೈವ್ ಬೇಡ. ಗುರುವಾರ ಪುಟ್ಟಿ ಶಾಲೆಗೆ ಹೋದ ಮೇಲೆ ನೀವೇ ಬನ್ನಿ. ಕಂಪ್ಯೂಟರ್ ಹಾಕಿಟ್ಟಿರುತ್ತೇನೆ, ಬಾಗಿಲು ತೆರೆದಿರುತ್ತೇನೆ, ನಾನು ಅಡುಗೆಮನೆಯಲ್ಲಿರುತ್ತೇನೆ. ಬೆಳೆದಿಲ್ಲದಿದ್ದರೆ ಕೂತಲ್ಲಿಂದಲೇ ಕೂಗಿ ಹೇಳಿ. ಬೆಳೆದಿದ್ದರೆ ಕೂಗಬೇಡಿ, ಒಳಗೆ ಬನ್ನಿ.